ಇಳಿಸುತ್ತಾ ಹೋಗಿ ಏರಿಸಿಕೊಂಡು ಬರುವ ಗಾಡಿಗೆ ದಾರಿ ಹಾಕುವುದು ಹೇಗೆ?

ಪ್ರಶ್ನೆ: ಕೋಲಾರದಲ್ಲಿ ನಮ್ಮದೊಂದು ಪಶು ಆಹಾರದ ಗೋದಾಮು ಇದೆ. ಹಳ್ಳಿಯ ಅಂಗಡಿಗಳಿಗೆ ಮತ್ತು ಹಸು ಸಾಕುವ ಮನೆಗಳಿಗೆ 50 ಕೆ.ಜಿ.ಯ ಫೀಡ್ ಮೂಟೆಗಳನ್ನು ಮುಟ್ಟಿಸುತ್ತೇವೆ. ಗಾಡಿ ಬರಿದಾಗಿ ಬರುವುದು ಬೇಡವೆಂದು ಕಳೆದ ವರ್ಷದಿಂದ ಅದೇ ಊರುಗಳ ರೈತರಿಂದ ಟೊಮೆಟೊ ಬಾಕ್ಸ್‌ಗಳನ್ನು ಎತ್ತಿಕೊಂಡು ಮಂಡಿಗೆ ತಲುಪಿಸುವ ಕೆಲಸವನ್ನೂ ಹಿಡಿದಿದ್ದೇವೆ. ತುಂಬಿದ ಬಾಕ್ಸ್ ಎಷ್ಟು ಎತ್ತುತ್ತೇವೋ ಅಷ್ಟೇ ಖಾಲಿ ಬಾಕ್ಸ್ ಅಲ್ಲೇ ಇಳಿಸುತ್ತೇವೆ. ನಮ್ಮ ಬಳಿ ಒಂದು ಸಣ್ಣ ಮಿನಿ ಟ್ರಕ್ ಇದೆ; ಚಾಲಕ ಮತ್ತು ಸಹಾಯಕನ ತೂಕ ಕಳೆದ ಮೇಲೆ ಅದು 750 ಕೆ.ಜಿ. ಹೊರಬಹುದು. ಇನ್ನೊಂದು ದೊಡ್ಡ ಪಿಕಪ್ 1,200 ಕೆ.ಜಿ. ಹೊರುತ್ತದೆ. ಮೊಬೈಲ್ ನಕ್ಷೆಯಲ್ಲಿ ನೋಡಿ ಅತಿ ಕಡಿಮೆ ಕಿಲೋಮೀಟರಿನ ಸುತ್ತನ್ನೇ ಹಾಕಿಕೊಟ್ಟಿದ್ದೇನೆ. ಆದರೂ ಕಳೆದ ವಾರ ನರಸಾಪುರದ ಕಡೆ ಜಾಗ ಸಾಲದೆ ಆರು ಬಾಕ್ಸ್ ಬಿಟ್ಟು ಬರಬೇಕಾಯಿತು, ರೈತರಿಂದ ಬೈಸಿಕೊಂಡೆವು. ಹೊರಡುವಾಗ ಲೋಡು ಮಿತಿಯೊಳಗಿತ್ತು, ಮಂಡಿಗೆ ಬಂದಾಗಲೂ ಮಿತಿಯೊಳಗೇ ಇತ್ತು. ಹಾಗಿದ್ದ ಮೇಲೆ ತಪ್ಪಿದ್ದೆಲ್ಲಿ? ಎರಡೂ ಗಾಡಿಗಳಿಗೆ ದಾರಿ ಹಾಕುವ ಸರಿಯಾದ ಕ್ರಮ ಯಾವುದು? — ಓದುಗರು, ಕೋಲಾರ

ಉತ್ತರ: ನಿಮ್ಮ ಪತ್ರದಲ್ಲಿ (ಮೇಲಿರುವುದು ಅದರ ಸಾರಾಂಶವಷ್ಟೇ) ಎಲ್ಲ ಅಂಕಿಗಳನ್ನೂ ಕೊಟ್ಟಿರುವುದರಿಂದ ಉತ್ತರ ಹೇಳುವುದು ಸುಲಭವಾಗಿದೆ. ತಪ್ಪಿರುವುದು ನಕ್ಷೆಯಲ್ಲಿ ಅಲ್ಲ, ಚಾಲಕನಲ್ಲೂ ಅಲ್ಲ. ಹೊರಡುವಾಗಿನ ತೂಕವನ್ನೂ ಮುಟ್ಟುವಾಗಿನ ತೂಕವನ್ನೂ ನೋಡಿ, ನಡುದಾರಿಯ ತೂಕವನ್ನು ನೋಡದೆ ಬಿಟ್ಟಿರುವುದರಲ್ಲಿ ತಪ್ಪಿದೆ. ಬರೀ ಹಂಚುವ ಗಾಡಿಯ ಲೋಡು ಹೊರಟಾಗ ಅತಿ ಹೆಚ್ಚು, ಆಮೇಲೆ ಇಳಿಯುತ್ತಲೇ ಹೋಗುತ್ತದೆ. ಬರೀ ಸಂಗ್ರಹಿಸುವ ಗಾಡಿಯದು, ಹಾಲಿನ ಕ್ಯಾನು ಎತ್ತುವ ಗಾಡಿಯ ಹಾಗೆ, ಏರುತ್ತಲೇ ಹೋಗುತ್ತದೆ. ಆ ಎರಡರಲ್ಲೂ ಒಂದು ತುದಿಯನ್ನು ನೋಡಿದರೆ ಸಾಕು. ಎರಡನ್ನೂ ಒಂದೇ ಸುತ್ತಿನಲ್ಲಿ ಮಾಡುವ ಗಾಡಿಯ ಲೋಡು ಮಾತ್ರ ಪ್ರತಿ ನಿಲುಗಡೆಯಲ್ಲೂ ಏರಿಳಿಯುತ್ತದೆ ಮತ್ತು ಅದರ ಶಿಖರ ಎಲ್ಲಿ ಬೇಕಾದರೂ ಇರಬಹುದು.

ನೀವು ಬರೆದಿರುವ ಆ ದಿನದ ಸುತ್ತನ್ನೇ ತೆಗೆದುಕೊಳ್ಳೋಣ. ವೇಮಗಲ್‌ನಲ್ಲಿ 6 ಮೂಟೆ ಇಳಿಸಿ 10 ಬಾಕ್ಸ್ ಎತ್ತಬೇಕಿತ್ತು, ಅಂದರೆ 300 ಕೆ.ಜಿ. ಇಳಿಕೆ, 150 ಕೆ.ಜಿ. ಏರಿಕೆ. ನರಸಾಪುರದಲ್ಲಿ 4 ಮೂಟೆ ಇಳಿಸಿ 20 ಬಾಕ್ಸ್ ಎತ್ತಬೇಕಿತ್ತು, ಅಂದರೆ 200 ಇಳಿಕೆ, 300 ಏರಿಕೆ. ವಕ್ಕಲೇರಿಯಲ್ಲಿ 2 ಮೂಟೆ, 16 ಬಾಕ್ಸ್; 100 ಇಳಿಕೆ, 240 ಏರಿಕೆ. ಒಟ್ಟು ಇಳಿಸಬೇಕಾದದ್ದು 600 ಕೆ.ಜಿ., ಏರಿಸಬೇಕಾದದ್ದು 690 ಕೆ.ಜಿ. ಎರಡೂ 750ರ ಒಳಗಿರುವುದರಿಂದ ನೀವು ನಿಶ್ಚಿಂತೆಯಿಂದ ಗಾಡಿ ಕಳುಹಿಸಿದ್ದೀರಿ. ಆ ದಿನ ಗಾಡಿ ವಕ್ಕಲೇರಿಯ ಕಡೆಯಿಂದ ಸುತ್ತು ಶುರುಮಾಡಿದೆ. 600 ಹೊತ್ತು ಹೊರಟ ಗಾಡಿ ವಕ್ಕಲೇರಿಯಲ್ಲಿ 100 ಇಳಿಸಿ 240 ಏರಿಸಿಕೊಂಡು 740ಕ್ಕೆ ಬಂತು. ನರಸಾಪುರದಲ್ಲಿ 200 ಇಳಿಸಿ 300 ಏರಿಸಿಕೊಂಡರೆ 840 ಆಗಬೇಕು, ಮಿತಿಗಿಂತ 90 ಕೆ.ಜಿ. ಹೆಚ್ಚು. 15 ಕೆ.ಜಿ.ಯ ಬಾಕ್ಸಿನ ಲೆಕ್ಕದಲ್ಲಿ ಅದು ಸರಿಯಾಗಿ ಆರು ಬಾಕ್ಸ್. ನೀವು ಬಿಟ್ಟು ಬಂದ ಆರು ಬಾಕ್ಸ್ ಇವೇ. ಮುಂದೆ ವೇಮಗಲ್‌ನಲ್ಲಿ 300 ಇಳಿಯುವುದರಿಂದ ಕೊನೆಯಲ್ಲಿ ಲೋಡು ಮತ್ತೆ ಮಿತಿಯೊಳಗೆ ಬಂದು, ನೋಡಿದವರಿಗೆ ಏನೂ ಆಗಿಲ್ಲವೆಂಬಂತೆ ಕಾಣುತ್ತದೆ.

ಈಗ ಅದೇ ಸುತ್ತನ್ನು ತಿರುಗಿಸಿ ಹಾಕಿ. ವೇಮಗಲ್ ಮೊದಲು ಬಂದರೆ 600ರಿಂದ 450ಕ್ಕೆ ಇಳಿಯುತ್ತದೆ, ನರಸಾಪುರದಲ್ಲಿ 550 ಆಗುತ್ತದೆ, ವಕ್ಕಲೇರಿಯಲ್ಲಿ 690ಕ್ಕೆ ನಿಲ್ಲುತ್ತದೆ. ಕಿಲೋಮೀಟರು ಅಷ್ಟೇ, ಊರುಗಳು ಅವೇ, ಮೂಟೆಗಳೂ ಬಾಕ್ಸ್‌ಗಳೂ ಅವೇ. ಎಡಗಡೆಯಿಂದ ಸುತ್ತುವುದಕ್ಕೂ ಬಲಗಡೆಯಿಂದ ಸುತ್ತುವುದಕ್ಕೂ ಇಷ್ಟು ವ್ಯತ್ಯಾಸ. ನಕ್ಷೆಯಲ್ಲಿ ಇದು ಕಾಣುವುದಿಲ್ಲ, ಏಕೆಂದರೆ ನಕ್ಷೆಗೆ ದೂರ ಗೊತ್ತು, ನಿಮ್ಮ ಗಾಡಿಯ ಮೇಲೇನಿದೆ ಎಂಬುದು ಗೊತ್ತಿಲ್ಲ.

ಇದರ ಹಿಂದಿನ ಸೂತ್ರ ಸರಳವಾದದ್ದು. ಯಾವುದೇ ನಿಲುಗಡೆಯನ್ನು ಬಿಟ್ಟು ಹೊರಡುವಾಗ ಗಾಡಿಯ ಮೇಲಿರುವ ತೂಕವೆಂದರೆ ಇನ್ನೂ ಇಳಿಸಲು ಬಾಕಿ ಇರುವ ಸರಕು ಮತ್ತು ಅಲ್ಲಿಯವರೆಗೆ ಎತ್ತಿಕೊಂಡಿರುವ ಸರಕು, ಇವೆರಡರ ಮೊತ್ತ. ಇಳಿಸುವುದು ಏರಿಸುವುದಕ್ಕಿಂತ ಹೆಚ್ಚಿರುವ ಊರುಗಳನ್ನು ಮೊದಲು ಮುಗಿಸಿ, ಏರಿಸುವುದೇ ಹೆಚ್ಚಿರುವ ಊರುಗಳನ್ನು ಆಮೇಲೆ ಇಟ್ಟುಕೊಂಡರೆ ಲೋಡು ಮೊದಲು ಇಳಿದು ನಂತರ ಏರುತ್ತದೆ. ಆಗ ಶಿಖರ ನಡುದಾರಿಯಲ್ಲಿ ಇರಲು ಸಾಧ್ಯವೇ ಇಲ್ಲ, ಎರಡು ತುದಿಗಳಲ್ಲಿ ಒಂದರಲ್ಲೇ ಇರುತ್ತದೆ. ಅಂದರೆ ಒಟ್ಟು ಇಳಿಕೆಯೂ ಒಟ್ಟು ಏರಿಕೆಯೂ ಮಿತಿಯೊಳಗಿದ್ದರೆ, ಮಿತಿ ಮೀರದ ಒಂದು ಅನುಕ್ರಮ ಖಂಡಿತ ಸಿಗುತ್ತದೆ. ಅದಕ್ಕಾಗಿ ಎಷ್ಟು ಕಿಲೋಮೀಟರು ಹೆಚ್ಚು ಓಡಬೇಕು ಎಂಬುದಷ್ಟೇ ಉಳಿಯುವ ಪ್ರಶ್ನೆ. ನಿಮ್ಮ ಪುಣ್ಯಕ್ಕೆ ಈ ಸುತ್ತಿನಲ್ಲಿ ಒಂದು ಕಿಲೋಮೀಟರೂ ಹೆಚ್ಚು ಬೇಕಿಲ್ಲ.

ಆದರೆ ನಿಮ್ಮ ಲೆಕ್ಕದಲ್ಲಿ ಒಂದು ಸಂಗತಿ ಬಿಟ್ಟುಹೋಗಿದೆ, ಮತ್ತು ಅದನ್ನು ಸೇರಿಸಿದರೆ ನಾನು ಈಗ ತಾನೇ ಹೊಗಳಿದ ಅನುಕ್ರಮವೂ ಕೆಡುತ್ತದೆ. ಖಾಲಿ ಬಾಕ್ಸಿಗೂ ತೂಕವಿದೆ. ಒಂದನ್ನು ತಕ್ಕಡಿಯ ಮೇಲಿಟ್ಟು ನೋಡಿ. ಸುಮಾರು 2 ಕೆ.ಜಿ. ಎಂದು ಇಟ್ಟುಕೊಂಡರೆ 46 ಬಾಕ್ಸಿಗೆ 92 ಕೆ.ಜಿ. ಆಯಿತು. ನೀವು ತುಂಬಿದ ಬಾಕ್ಸಿಗೆ ಖಾಲಿ ಬಾಕ್ಸ್ ಕೊಟ್ಟು ಬದಲಾಯಿಸಿಕೊಳ್ಳುವುದರಿಂದ ಗೋದಾಮು ಬಿಟ್ಟಾಗಲೂ ಮಂಡಿ ಮುಟ್ಟಿದಾಗಲೂ ಗಾಡಿಯಲ್ಲಿ 46 ಬಾಕ್ಸ್ ಇದ್ದೇ ಇರುತ್ತವೆ. ಈ 92 ಕೆ.ಜಿ. ಸುತ್ತಿನುದ್ದಕ್ಕೂ ಇಳಿಯದ ಹೊರೆ. ಹೀಗೆ ನೋಡಿದರೆ ಸರಕಿಗೆ ಉಳಿಯುವುದು 658 ಕೆ.ಜಿ. ಮಾತ್ರ. ವೇಮಗಲ್ ಮೊದಲಾದ ಸುತ್ತಿನಲ್ಲೂ ವಕ್ಕಲೇರಿ ಬಿಡುವಾಗ 690 ಆಗುವುದರಿಂದ 32 ಕೆ.ಜಿ. ಮಿತಿ ಮೀರಿದಂತಾಯಿತು. ಕಳೆದ ವಾರ ಆರು ಬಾಕ್ಸ್ ಬಿಟ್ಟು ಬಂದಾಗಲೂ ನಿಮ್ಮ ಗಾಡಿ ನರಸಾಪುರದಿಂದ ಮುಂದಕ್ಕೆ 80–90 ಕೆ.ಜಿ. ಹೆಚ್ಚು ಹೊತ್ತೇ ಬಂದಿದೆ. 46ರ ಬದಲು 44 ಬಾಕ್ಸ್ ಎತ್ತಿದರೆ, ಬಾಕ್ಸಿನ ತೂಕವೂ ಸೇರಿ ತಲಾ 17 ಕೆ.ಜಿ.ಯಂತೆ 748 ಆಗಿ ಅಂಚಿನಲ್ಲಿ ಸರಿಹೋಗುತ್ತದೆ. ನಾನಾದರೆ 43ಕ್ಕೆ ನಿಲ್ಲಿಸುತ್ತೇನೆ, 731 ಆಗುತ್ತದೆ. ಉಳಿದ ಮೂರನ್ನು ವಕ್ಕಲೇರಿಯ ರೈತರಿಗೆ ಬೆಳಿಗ್ಗೆಯೇ ತಿಳಿಸಿ ಮರುದಿನಕ್ಕೆ ಹಾಕಿಕೊಳ್ಳಬೇಕು. ಬೆಳಿಗ್ಗೆ ಹೇಳಿದ ಮೂರು ಬಾಕ್ಸಿಗೆ ಯಾರೂ ಬೈಯುವುದಿಲ್ಲ. ಮಧ್ಯಾಹ್ನ ತೋಟದ ಬದುವಿನ ಮೇಲೆ ಬಿಟ್ಟು ಬಂದ ಆರು ಬಾಕ್ಸಿಗೆ ಬೈಯದೆ ಬಿಡುವುದಿಲ್ಲ.

ಚಾಲಕ ಮತ್ತು ಸಹಾಯಕನ ತೂಕವನ್ನು ಕಳೆದು ಬರೆದಿರುವುದು ನಿಮ್ಮ ಲೆಕ್ಕದ ಜಾಣತನ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಆರ್‌ಸಿಯಲ್ಲಿರುವ ಖಾಲಿ ತೂಕದಲ್ಲಿ ಚಾಲಕನೂ ಸಹಾಯಕನೂ ಸೇರಿರುವುದಿಲ್ಲ. ಬಹಳ ಮಂದಿ ಇದನ್ನು ಮರೆತು ಒಟ್ಟು ತೂಕದಿಂದ ಖಾಲಿ ತೂಕವನ್ನಷ್ಟೇ ಕಳೆದು, ಬಂದದ್ದೆಲ್ಲ ಸರಕಿಗೆ ಎಂದು ತಿಳಿಯುತ್ತಾರೆ. 2019ರ ತಿದ್ದುಪಡಿಯ ನಂತರ ಮಿತಿ ಮೀರಿದ ಲೋಡಿಗೆ ದಂಡ 20,000 ರೂಪಾಯಿ, ಅದರ ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ. ನಡುದಾರಿಯಲ್ಲಿ ಮಾತ್ರ ಹೆಚ್ಚಾಗಿತ್ತು, ಮುಂದಿನ ಊರಿನಲ್ಲಿ ಇಳಿಸುವವನಿದ್ದೆ ಎಂಬ ಸಮಜಾಯಿಷಿ ತಪಾಸಣೆಯಲ್ಲಿ ನಡೆಯುವುದಿಲ್ಲ.

ತೂಕದಷ್ಟೇ ಜಾಗದ್ದೂ ಸಮಸ್ಯೆ. ನಿಮ್ಮ ಕಡೆಯ ಪ್ಲಾಸ್ಟಿಕ್ ಬಾಕ್ಸ್‌ಗಳು ಒಂದರ ಮೇಲೊಂದು ಕೂರುತ್ತವೆಯೇ ಹೊರತು ಒಂದರೊಳಗೊಂದು ಸೇರುವುದಿಲ್ಲ. ಆದ್ದರಿಂದ ಖಾಲಿ ಬಾಕ್ಸೂ ತುಂಬಿದ ಬಾಕ್ಸಿನಷ್ಟೇ ಜಾಗ ಹಿಡಿಯುತ್ತದೆ. ಮೂಟೆಗಳನ್ನು ಕೆಳಗೆ ಹಾಸಿ ಮೇಲೆ ಬಾಕ್ಸ್ ಪೇರಿಸಿದರೆ ಒಂದೊಂದು ಊರಿನಲ್ಲೂ ಬಾಕ್ಸ್‌ಗಳನ್ನೆಲ್ಲ ಕೆಳಗಿಳಿಸಿ ಮೂಟೆ ಎಳೆದು ಮತ್ತೆ ಪೇರಿಸಬೇಕು. ಇಂಥ ಒಂದು ಗಾಡಿಯಲ್ಲಿ ಹಿಂದೆ ಕೆಲವು ದಿನ ಕೈಗಡಿಯಾರ ಹಿಡಿದು ಕೂತು ಬಂದಿದ್ದೇನೆ. ಎರಡು ಮೂಟೆ ಇಳಿಸುವುದಕ್ಕೆ ಎರಡು ನಿಮಿಷ ಬೇಕಾದಲ್ಲಿ, ಆ ಮೂಟೆಯನ್ನು ಮುಟ್ಟುವುದಕ್ಕೇ ಕಾಲು ಗಂಟೆ ಹೋಗುತ್ತಿತ್ತು, ಆ ಹೊತ್ತಿಗೆ ಸಹಾಯಕ ಬೆನ್ನು ಹಿಡಿದುಕೊಂಡು ಚಹಾ ಕೇಳುತ್ತಿದ್ದ. ಕೊನೆಯ ಊರಿನ ಮೂಟೆ ಮೊದಲು ಏರಬೇಕು, ಮೊದಲ ಊರಿನದು ಕೊನೆಗೆ ಏರಬೇಕು ಎಂಬ ಹಳೆಯ ಸೂತ್ರ ಬರೀ ಹಂಚುವ ಗಾಡಿಗೆ ಸರಿ. ನಿಮ್ಮ ಗಾಡಿಯಲ್ಲಿ ಕೊನೆಯ ಊರಿನ ಮೂಟೆಯ ಮುಂದೆ ಅಷ್ಟರಲ್ಲಿ ತುಂಬಿದ ಬಾಕ್ಸ್‌ಗಳು ಬಂದು ಕುಳಿತಿರುತ್ತವೆ. ಪಕ್ಕದ ಬಾಗಿಲುಗಳು ತೆರೆಯುವ ಗಾಡಿಯಾಗಿದ್ದರೆ ಮೂಟೆಗಳನ್ನು ಕ್ಯಾಬಿನ್ನಿಗೆ ಒತ್ತಿಕೊಂಡು ಅಡ್ಡಡ್ಡಲಾಗಿ ಪೇರಿಸಿ ಪಕ್ಕದಿಂದ ಇಳಿಸಿಕೊಳ್ಳಿ, ಬಾಕ್ಸ್‌ಗಳ ವ್ಯವಹಾರವನ್ನೆಲ್ಲ ಹಿಂದಿನ ಬಾಗಿಲಿನಿಂದ ಮಾಡಿ. ಮೂಟೆ ಒಂದು ಪಕ್ಕ, ಬಾಕ್ಸ್ ಇನ್ನೊಂದು ಪಕ್ಕ ಎಂದು ಉದ್ದಕ್ಕೆ ಪಾಲು ಮಾಡಬೇಡಿ, ಗಾಡಿ ವಾಲುತ್ತದೆ.

ಇನ್ನು ದಾರಿ ಹಾಕುವ ಕ್ರಮಕ್ಕೆ ಬರೋಣ. ಮೂರು ಊರಿಗೆ ಆರು ಅನುಕ್ರಮಗಳು, ಎಲ್ಲವನ್ನೂ ಬರೆದು ನೋಡಬಹುದು. ಹತ್ತು ಊರಿಗೆ 36,28,800 ಆಗುತ್ತವೆ, ಹನ್ನೆರಡಕ್ಕೆ 47,90,01,600. ಬರೀ ದೂರದ ಲೆಕ್ಕವಾಗಿದ್ದರೆ ಸುತ್ತು ಯಾವ ಕಡೆಯಿಂದ ಹೋದರೂ ಒಂದೇ ಎಂದು ಈ ಸಂಖ್ಯೆಯನ್ನು ಅರ್ಧ ಮಾಡಬಹುದಿತ್ತು. ದಿಕ್ಕು ಬದಲಾದರೆ ಲೋಡು ಬದಲಾಗುವ ನಿಮ್ಮ ವ್ಯವಹಾರದಲ್ಲಿ ಆ ರಿಯಾಯಿತಿಯೂ ಇಲ್ಲ. ಈ ಸಮಸ್ಯೆಯನ್ನು ಗಣಿತವಾಗಿ ಮೊದಲು ಕೈಗೆತ್ತಿಕೊಂಡವರು 1959ರಲ್ಲಿ ಜಾರ್ಜ್ ಡ್ಯಾನ್‌ಜಿಗ್ ಮತ್ತು ಜಾನ್ ರಾಮ್ಸರ್. ಅವರ ಎದುರಿಗಿದ್ದದ್ದು ಒಂದು ಡಿಪೋದಿಂದ ಹಲವು ಪೆಟ್ರೋಲ್ ಬಂಕುಗಳಿಗೆ ಟ್ಯಾಂಕರ್ ಕಳುಹಿಸುವ ಪ್ರಶ್ನೆ. ಕೊಡುವುದು ಮತ್ತು ತರುವುದು ಒಂದೇ ನಿಲುಗಡೆಯಲ್ಲಿ ನಡೆಯುವ ಬಗೆಯನ್ನು 1989ರಲ್ಲಿ ಹೊಕಿ ಮಿನ್ ಎಂಬವರು ಸಾರ್ವಜನಿಕ ಗ್ರಂಥಾಲಯಗಳ ನಡುವೆ ಪುಸ್ತಕ ಸಾಗಿಸುವ ಲಾರಿಗಳಿಗಾಗಿ ಬಿಡಿಸಿದರು. ಪುಸ್ತಕದ ಜಾಗದಲ್ಲಿ ಫೀಡನ್ನೂ ಟೊಮೆಟೊವನ್ನೂ ಇಟ್ಟರೆ ಅದೇ ನಿಮ್ಮ ಪ್ರಶ್ನೆ.

ಕಾಗದದ ಮೇಲೆ ಮಾಡಬಹುದಾದ ವಿಧಾನಗಳಲ್ಲಿ ಇಂದಿಗೂ ನಾನು ಮೊದಲು ಹೇಳಿಕೊಡುವುದು 1964ರಲ್ಲಿ ಕ್ಲಾರ್ಕ್ ಮತ್ತು ರೈಟ್ ತೋರಿಸಿದ ಉಳಿತಾಯದ ವಿಧಾನವನ್ನು. ಮೊದಲು ಪ್ರತಿ ಊರಿಗೂ ಪ್ರತ್ಯೇಕವಾಗಿ ಹೋಗಿ ಬಂದಂತೆ ಎಣಿಸಿ, ಆಮೇಲೆ ಯಾವ ಎರಡು ಊರುಗಳನ್ನು ಒಂದೇ ಸುತ್ತಿಗೆ ಸೇರಿಸಿದರೆ ಎಷ್ಟು ದೂರ ಉಳಿಯುತ್ತದೆ ಎಂದು ನೋಡುವುದು ಇದರ ತಿರುಳು. ಗೋದಾಮಿನಿಂದ ಒಂದು ಊರು 14 ಕಿ.ಮೀ., ಇನ್ನೊಂದು 16 ಕಿ.ಮೀ., ಅವುಗಳ ನಡುವೆ 9 ಕಿ.ಮೀ. ಇದೆ ಎಂದುಕೊಳ್ಳಿ. ಬೇರೆ ಬೇರೆ ಹೋಗಿ ಬಂದರೆ 60, ಸೇರಿಸಿ ಸುತ್ತಿದರೆ 39, ಉಳಿತಾಯ 21. ಹೀಗೆ ಎಲ್ಲ ಜೋಡಿಗಳಿಗೂ ಬರೆದು, ಅತಿ ಹೆಚ್ಚು ಉಳಿತಾಯದ ಜೋಡಿಯಿಂದ ಶುರುಮಾಡಿ ಒಂದೊಂದಾಗಿ ಪೋಣಿಸುತ್ತಾ ಹೋಗಬೇಕು. ಮೂಲ ವಿಧಾನದಲ್ಲಿ ಪೋಣಿಸುವಾಗ ಒಟ್ಟು ತೂಕ ಮಿತಿಯೊಳಗಿದೆಯೇ ಎಂದಷ್ಟೇ ನೋಡುತ್ತಾರೆ. ನೀವು ಮಾತ್ರ ಪ್ರತಿ ಬಾರಿ ಎರಡು ದಿಕ್ಕಿನಲ್ಲೂ ನಿಲುಗಡೆ ನಿಲುಗಡೆಯ ಲೋಡನ್ನು ಬರೆದು, ಕನಿಷ್ಠ ಒಂದು ದಿಕ್ಕಿನಲ್ಲಾದರೂ ಶಿಖರ ಮಿತಿಯೊಳಗಿದ್ದರೆ ಮಾತ್ರ ಸೇರಿಸಬೇಕು. ಮುಗಿದ ಮೇಲೆ ನಕ್ಷೆಯಲ್ಲಿ ದಾರಿ ತನ್ನನ್ನು ತಾನೇ ಅಡ್ಡ ಹಾಯ್ದಿದ್ದರೆ ಆ ಗಂಟನ್ನು ಬಿಡಿಸಿ, ಆದರೆ ಹಾಗೆ ಬಿಡಿಸುವಾಗ ನಡುವಿನ ಕೆಲವು ಊರುಗಳ ಅನುಕ್ರಮ ತಿರುಗುಮುರುಗಾಗುತ್ತದೆ ಎಂಬುದನ್ನು ಮರೆಯಬೇಡಿ. ದೂರ ಕಡಿಮೆಯಾದ ಸಂತೋಷದಲ್ಲಿ ಲೋಡನ್ನು ಮತ್ತೆ ಬರೆದು ನೋಡದೆ ಹೋದರೆ ನರಸಾಪುರದ ಪ್ರಸಂಗವೇ ಮರುಕಳಿಸುತ್ತದೆ.

ದೂರವನ್ನು ನಕ್ಷೆಯ ಗೆರೆಯಿಂದಲ್ಲ, ಗಾಡಿಯ ಮೀಟರಿನಿಂದ ತೆಗೆದುಕೊಳ್ಳಿ, ಹೋಗುವುದನ್ನೂ ಬರುವುದನ್ನೂ ಬೇರೆ ಬೇರೆ ಬರೆದುಕೊಳ್ಳಿ. ರಾಷ್ಟ್ರೀಯ ಹೆದ್ದಾರಿ 75ರಲ್ಲಿ ನಡುವೆ ವಿಭಜಕವಿರುವುದರಿಂದ ಎದುರು ಪಕ್ಕದ ಅಂಗಡಿಗೆ ಮುಂದಿನ ತಿರುವಿನವರೆಗೆ ಹೋಗಿ ಮರಳಿ ಬರಬೇಕಾಗುತ್ತದೆ. ಒಂದು ದಿಕ್ಕಿನಲ್ಲಿ ಅಂಗಡಿಯ ಬಾಗಿಲಿಗೇ ಮುಟ್ಟುವ ಗಾಡಿ ಇನ್ನೊಂದು ದಿಕ್ಕಿನಲ್ಲಿ ಸುತ್ತಿ ಬರುತ್ತದೆ. ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಸಾಲುಗಟ್ಟಿ ಹೊರಡುವ ಬಸ್ಸುಗಳ ನಡುವೆ ಸಿಕ್ಕಿಕೊಂಡರೆ ಕಿಲೋಮೀಟರಿನ ಲೆಕ್ಕಕ್ಕೆ ಅರ್ಥವೇ ಇರುವುದಿಲ್ಲ. ಆದ್ದರಿಂದ ನಿಮಿಷಗಳ ಪಟ್ಟಿಯೇ ಹೆಚ್ಚು ಉಪಯುಕ್ತ.

ಸಮಯದ ವಿಷಯದಲ್ಲಿ ಬಹುಪಾಲು ಜನ ಹೊರಡುವ ಗಳಿಗೆಯಿಂದ ಲೆಕ್ಕ ಹಾಕುತ್ತಾರೆ. ಮುಟ್ಟಬೇಕಾದ ಗಳಿಗೆಯಿಂದ ಹಿಂದಕ್ಕೆ ಎಣಿಸುವುದು ಮೇಲು. ನಿಮ್ಮ ಮಂಡಿಯವರು ಸಂಜೆ 6ಕ್ಕೆ ಬಾಕ್ಸ್ ಬಂದಿರಬೇಕು ಎಂದಿದ್ದಾರೆ. ವಕ್ಕಲೇರಿಯಿಂದ ಮಂಡಿಗೆ, ಗೇಟಿನ ಸಾಲೂ ಸೇರಿ, 40 ನಿಮಿಷವೆಂದು ಬರೆದಿದ್ದೀರಿ. ಅಂದರೆ 5:20ಕ್ಕೆ ಅಲ್ಲಿಂದ ಬಿಡಬೇಕು. ಅಲ್ಲಿಯ ಕೆಲಸಕ್ಕೆ 25 ನಿಮಿಷ ಹಿಡಿದರೆ 4:55ಕ್ಕೆ ಮುಟ್ಟಿರಬೇಕು. ನರಸಾಪುರದಿಂದ ಅರ್ಧ ಗಂಟೆಯ ದಾರಿ, ಅಲ್ಲಿಯ ಕೆಲಸಕ್ಕೆ 35 ನಿಮಿಷ, ಹಾಗಾಗಿ ಅಲ್ಲಿಗೆ 3:50ಕ್ಕೆ. ವೇಮಗಲ್‌ನಿಂದ ಮತ್ತೆ ಅರ್ಧ ಗಂಟೆ, ಅಲ್ಲಿಯ ಕೆಲಸಕ್ಕೆ ಅರ್ಧ ಗಂಟೆ, ಅಂದರೆ 2:50ಕ್ಕೆ. ಗೋದಾಮಿನಿಂದ ವೇಮಗಲ್‌ಗೆ 40 ನಿಮಿಷ. ಒಟ್ಟಿನಲ್ಲಿ 2:10 ದಾಟಿದರೆ ಮಂಡಿಗೆ ತಡವಾಗುತ್ತದೆ. ಇತ್ತ ವೇಮಗಲ್‌ನಲ್ಲಿ ಹಣ್ಣು ಬಿಡಿಸಿ ಬಾಕ್ಸ್ ತುಂಬಿ ಮುಗಿಯುವುದು 1 ಗಂಟೆಗೆ, ನರಸಾಪುರದಲ್ಲಿ 2ಕ್ಕೆ ಎಂದಿದ್ದೀರಿ. 12:20ಕ್ಕೆ ಹೊರಟರೆ ಎರಡೂ ಕಡೆ ಒಂದು ನಿಮಿಷವೂ ಕಾಯದೆ ಕೆಲಸ ಆಗುತ್ತದೆ. ಅದಕ್ಕಿಂತ ಮುಂಚೆ ಹೊರಟರೆ ತೋಟದಲ್ಲಿ ಮರದ ನೆರಳಿಗೆ ಗಾಡಿ ನಿಲ್ಲಿಸಿ ಕಾಯುವುದಷ್ಟೇ ಲಾಭ. ನೀವು ಈಗ 9 ಗಂಟೆಗೆ ಗಾಡಿ ಬಿಡುತ್ತಿದ್ದೀರಿ. 12:20ರಿಂದ 2:10ರವರೆಗೆ ಇರುವ ಒಂದು ಗಂಟೆ ಐವತ್ತು ನಿಮಿಷದ ಈ ಸಡಿಲವೇ ನಿಮ್ಮ ನಿಜವಾದ ಬಂಡವಾಳ. ಬೆಳಗಿನ ಹೊತ್ತನ್ನು ಕೋಲಾರ ಪಟ್ಟಣದೊಳಗಿನ ಬರೀ ಇಳಿಸುವ ಕೆಲಸಕ್ಕೆ ಬಳಸಿಕೊಳ್ಳಬಹುದು.

ಪಿಕಪ್‌ನ ವಿಷಯ ಬೇರೆಯದು, ಮತ್ತು ನನ್ನ ಮಟ್ಟಿಗೆ ಇದೇ ಹೆಚ್ಚು ಸ್ವಾರಸ್ಯದ್ದು. ಶ್ರೀನಿವಾಸಪುರದ ಕಡೆಗೆ ಒಂದೇ ರಸ್ತೆಯ ಆಜುಬಾಜಿನಲ್ಲಿ ಏಳು ಊರುಗಳು, ಪ್ರತಿ ಊರಿಗೂ 3 ಮೂಟೆ, ಪ್ರತಿ ಊರಿನಿಂದಲೂ 10 ಬಾಕ್ಸ್, ದಾರಿಯ ಉದ್ದ 24 ಕಿ.ಮೀ. ಎಂದು ಬರೆದಿದ್ದೀರಿ. ಈಗ ಹೋಗುವಾಗಲೇ ಮೂಟೆ ಇಳಿಸಿ ಬಾಕ್ಸ್ ಏರಿಸಿಕೊಂಡು ಹೋಗಿ, ಕೊನೆಯ ಊರಿನಿಂದ ನೇರವಾಗಿ ಮರಳುತ್ತಿದ್ದೀರಿ. 150 ಇಳಿದರೆ 150 ಏರುತ್ತದೆ; 70 ಬಾಕ್ಸಿನ ಖಾಲಿ ತೂಕ 140 ಸೇರಿ ಗಾಡಿ ಹೋಗುವಾಗಲೂ ಬರುವಾಗಲೂ 1,190 ಕೆ.ಜಿ. ಹೊತ್ತೇ ಇರುತ್ತದೆ. ಮಿತಿಯೊಳಗಿದೆ, ನಿಜ, ಆದರೆ 10 ಕೆ.ಜಿ.ಯ ಸಡಿಲ ಮಾತ್ರ ಉಳಿದಿದೆ. ಯಾವ ಊರಿನಲ್ಲಾದರೂ ಒಂದು ಬಾಕ್ಸ್ ಹೆಚ್ಚು ಬಂದರೆ ಮುಗಿಯಿತು. ಮೇಲಾಗಿ, 5ನೇ ಕಿಲೋಮೀಟರಿನ ಊರಿನಲ್ಲಿ ಎತ್ತಿದ ಟೊಮೆಟೊ ಮುಂದಕ್ಕೆ 19 ಕಿ.ಮೀ. ಹೋಗಿ, ಅಲ್ಲಿಂದ 24 ಕಿ.ಮೀ. ಮರಳಿ, ಒಟ್ಟು 43 ಕಿ.ಮೀ. ಬಿಸಿಲಿನಲ್ಲಿ ಕುಲುಕಾಡಿ ಮಂಡಿಗೆ ಬರುತ್ತದೆ. ಬರುವಾಗ ಎತ್ತಿದ್ದರೆ 5 ಕಿ.ಮೀ.ಗೆ ಮುಗಿಯುತ್ತಿತ್ತು. ಅದೇ ದಾರಿಯಲ್ಲಿ ಮರಳಿ ಬರುವುದು ತಪ್ಪಿದ್ದಲ್ಲ ಎಂದ ಮೇಲೆ ಹೋಗುವಾಗ ಮೂಟೆ ಇಳಿಸಿ, ಬರುವಾಗ ಬಾಕ್ಸ್ ಎತ್ತಿಕೊಳ್ಳಬಾರದೇಕೆ? ಹಾಗೆ ಮಾಡಿದರೆ ಕೊನೆಯ ಊರಿನಲ್ಲಿ ಗಾಡಿಯ ಮೇಲೆ ಖಾಲಿ ಬಾಕ್ಸ್‌ಗಳಷ್ಟೇ ಇರುತ್ತವೆ, ನಡುದಾರಿಯಲ್ಲಿ ಎಲ್ಲಿಯೂ ಲೋಡು ತುದಿಗಳಿಗಿಂತ ಮೇಲೇರುವುದಿಲ್ಲ, ಮೂಟೆಗಳೆಲ್ಲ ಇಳಿದ ಮೇಲೆ ತುಂಬಿದ ಬಾಕ್ಸ್ ಬರುವುದರಿಂದ ಅಡ್ಡಾದಿಡ್ಡಿ ಪೇರಿಸುವ ಗೋಳೂ ಇಲ್ಲ.

ಇದಕ್ಕೂ ಒಂದು ಬೆಲೆಯಿದೆ. ಏಳು ನಿಲುಗಡೆಗಳು ಹದಿನಾಲ್ಕಾಗುತ್ತವೆ. ಗಾಡಿ ನಿಲ್ಲಿಸುವುದು, ಬಾಗಿಲು ತೆಗೆಯುವುದು, ಜನರನ್ನು ಕೂಗುವುದು, ಹಗ್ಗ ಬಿಗಿಯುವುದು, ಇವಕ್ಕೆ ನಿಲುಗಡೆಗೆ ಐದು ನಿಮಿಷವೆಂದರೂ ಹೆಚ್ಚಿನ ಏಳು ನಿಲುಗಡೆಗಳಿಗೆ 35 ನಿಮಿಷ ಬರುತ್ತದೆ. ಆದ್ದರಿಂದ ಏಳಕ್ಕೂ ಎರಡೆರಡು ಬಾರಿ ನಿಲ್ಲುವುದು ಬೇಡ. ಗೋದಾಮಿಗೆ ಹತ್ತಿರದ ಮೂರೋ ನಾಲ್ಕೋ ಊರುಗಳಲ್ಲಿ ಹೋಗುವಾಗ ಬರೀ ಇಳಿಸಿ. ದೂರದ ಊರುಗಳಲ್ಲಿ ಇಳಿಸಿ ಏರಿಸುವುದನ್ನು ಒಂದೇ ನಿಲುಗಡೆಯಲ್ಲಿ ಮುಗಿಸಿ. ಮರಳುವಾಗ ಹತ್ತಿರದ ಊರುಗಳ ಬಾಕ್ಸ್ ಎತ್ತಿಕೊಳ್ಳಿ. ಈ ದಾರಿಯನ್ನು ಕಾಗದದ ಮೇಲೆ ಬರೆದರೆ ಬಾವಿಗೆ ಬಿಡುವ ಹಗ್ಗದ ಕುಣಿಕೆಯ ಹಾಗೆ ಕಾಣುತ್ತದೆ: ಒಂದೇ ಎಳೆಯಾಗಿ ಹೋಗುವ ಹಗ್ಗ, ತುದಿಯಲ್ಲೊಂದು ಸುತ್ತು. ಪಟ್ಟಣದಿಂದ ಒಂದೊಂದು ದಿಕ್ಕಿಗೆ ಒಂದೊಂದು ರಸ್ತೆ ಚಾಚಿಕೊಂಡು, ಹಳ್ಳಿಗಳು ಅದರ ಆಚೀಚೆ ಇರುವ ನಮ್ಮ ಬಯಲುಸೀಮೆಯ ತಾಲ್ಲೂಕುಗಳಿಗೆ ಇದಕ್ಕಿಂತ ಒಪ್ಪುವ ಆಕಾರ ನನಗೆ ತೋರುವುದಿಲ್ಲ. ಹತ್ತಿರದ ಊರಿನ ರೈತರಿಗೂ ಬಾಕ್ಸ್ ತುಂಬಲು ಎರಡು ಮೂರು ಗಂಟೆ ಹೆಚ್ಚು ಸಿಗುತ್ತದೆ. ಗಾಡಿ ಹೋಗುವಾಗ ಖಾಲಿ ಬಾಕ್ಸ್ ಇಳಿಸಿ ಹೋದರೆ ಅದಕ್ಕೇ ತುಂಬಿಸಿ ಇಡುತ್ತಾರೆ.

ನರ್ಸರಿಯ ಸಸಿ ಟ್ರೇಗಳನ್ನೂ ಇದೇ ಸುತ್ತಿಗೆ ಸೇರಿಸಬಹುದೇ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ವಕ್ಕಲೇರಿಯ ಕಡೆಯ ನರ್ಸರಿಯಲ್ಲಿ ಎತ್ತಿ ವೇಮಗಲ್‌ನ ರೈತರಿಗೆ ಇಳಿಸಬೇಕಾದ ಸರಕು ಅದು. ಅಂದರೆ ಎತ್ತುವ ಊರು ಇಳಿಸುವ ಊರಿಗಿಂತ ಮೊದಲು ಬರಲೇಬೇಕು. ಈ ಒಂದು ನಿಬಂಧನೆ ಸೇರಿದ ಕೂಡಲೇ ಮೇಲೆ ಹಾಕಿದ ವೇಮಗಲ್ ಮೊದಲಿನ ಅನುಕ್ರಮ ಬಿದ್ದುಹೋಗುತ್ತದೆ, ನಾಲ್ಕು ಟ್ರೇ ಸಸಿಗಾಗಿ ಇಡೀ ಸುತ್ತು ತಿರುಗಬೇಕಾಗುತ್ತದೆ. ಇಂಥದ್ದನ್ನು ಅಂದೇ ಮುಟ್ಟಿಸುವ ಮಾತು ಕೊಡಬೇಡಿ. ಇಂದಿನ ಸುತ್ತಿನ ಕೊನೆಯಲ್ಲಿ ಟ್ರೇಗಳನ್ನು ಗೋದಾಮಿಗೆ ತಂದು, ನೀರು ಚಿಮುಕಿಸಿ ನೆರಳಿನಲ್ಲಿಟ್ಟು, ನಾಳೆ ಗೋದಾಮಿನಿಂದಲೇ ಹೊರಡುವ ಸಾಮಾನ್ಯ ಸರಕಿನ ಹಾಗೆ ಕಳುಹಿಸಿ. ಎರಡು ಊರುಗಳ ನಡುವಿನ ಕೊಂಡಿ ಕಡಿದುಹೋಗಿ ಲೆಕ್ಕ ಮತ್ತೆ ಹಳೆಯ ಹಳಿಗೆ ಬರುತ್ತದೆ. ಕೀಟನಾಶಕದ ಡಬ್ಬಿಗಳನ್ನೂ ತರುವಂತೆ ಅಂಗಡಿಯವರು ಕೇಳುತ್ತಿದ್ದಾರೆ ಎಂದಿದ್ದೀರಿ; ಅದನ್ನು ಈ ಗಾಡಿಗೆ ಹತ್ತಿಸಲೇಬೇಡಿ. 1971ರ ಕೀಟನಾಶಕ ನಿಯಮಗಳು ಅವನ್ನು ಆಹಾರ ಪದಾರ್ಥಕ್ಕೂ ಪಶು ಆಹಾರಕ್ಕೂ ತಾಗುವಂತೆ ಸಾಗಿಸುವುದನ್ನು ನಿಷೇಧಿಸಿವೆ, ನಿಮ್ಮ ಗಾಡಿಯಲ್ಲಿ ಇರುವುದು ಅವೆರಡೇ.

ಉಳಿದದ್ದು ಅಂದಾಜಿನ ಪ್ರಶ್ನೆ. ಎಷ್ಟು ಮೂಟೆ ಇಳಿಸಬೇಕು ಎಂಬುದು ಹಿಂದಿನ ದಿನವೇ ನಿಮಗೆ ಖಚಿತ; ಎಷ್ಟು ಬಾಕ್ಸ್ ಬರುತ್ತವೆ ಎಂಬುದು ರೈತ ಹಣ್ಣು ಬಿಡಿಸಿ ಮುಗಿಸುವವರೆಗೆ ಖಚಿತವಿಲ್ಲ. ಹತ್ತು ಎಂದವರು ಹದಿನಾಲ್ಕು ತುಂಬಿಸಿರುತ್ತಾರೆ, ಬೆಲೆ ಬಿದ್ದ ದಿನ ಬಿಡಿಸುವುದನ್ನೇ ನಿಲ್ಲಿಸಿರುತ್ತಾರೆ. ಯಾರ ಅಂದಾಜು ಹೆಚ್ಚು ತಪ್ಪುತ್ತದೋ ಆ ತೋಟವನ್ನು ಸಾಧ್ಯವಾದಷ್ಟು ಕೊನೆಗೆ ಇಡಿ, ಏಕೆಂದರೆ ಅಲ್ಲಿ ಏರುಪೇರಾದರೆ ಮುಂದಿನ ಊರುಗಳ ಲೆಕ್ಕ ಕೆಡುವುದಿಲ್ಲ. ಬೆಳಿಗ್ಗೆ 10 ಗಂಟೆಗೆ ಎಲ್ಲರಿಗೂ ಒಂದು ಕರೆ ಮಾಡಿ ಸಂಖ್ಯೆ ಬರೆದುಕೊಳ್ಳಿ, ಆಮೇಲೆ ಹೇಳಿದ ಸಂಖ್ಯೆಯನ್ನೂ ಎತ್ತಿದ ಸಂಖ್ಯೆಯನ್ನೂ ಅಕ್ಕಪಕ್ಕ ಬರೆದಿಡಿ. ಒಂದು ತಿಂಗಳಲ್ಲಿ ಯಾರ ಹತ್ತು ನಿಜಕ್ಕೂ ಹತ್ತು ಎಂಬುದು ಗೊತ್ತಾಗುತ್ತದೆ. ಗಾಡಿಯ ಮಿತಿಯಲ್ಲಿ ಎಷ್ಟು ಪಾಲನ್ನು ಖಾಲಿ ಉಳಿಸಿಕೊಳ್ಳಬೇಕು ಎಂಬುದಕ್ಕೂ ಆ ಪುಸ್ತಕವೇ ಆಧಾರವಾಗುತ್ತದೆ. ಅಲ್ಲಿಯವರೆಗೆ ಹತ್ತರಲ್ಲೊಂದು ಪಾಲು ಬಿಟ್ಟುಕೊಳ್ಳಿ. ಡೀಸೆಲ್ ಉಳಿಸುವುದೇ ಗುರಿಯೆಂದು ಈ ಪಾಲನ್ನೂ ತುಂಬಿಸುವ ಆಸೆ ಬರುತ್ತದೆ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ.ಯ ಬಾಕ್ಸ್ 2,000 ರೂಪಾಯಿ ದಾಟಿತ್ತು. ಅಂಥ ದಿನ ಆರು ಬಾಕ್ಸ್ ಬಿಟ್ಟು ಬಂದರೆ 12,000 ರೂಪಾಯಿಯ ಮಾಲು ತೋಟದಲ್ಲೇ ಕುಳಿತಂತೆ. ನಾಲ್ಕೈದು ಕಿಲೋಮೀಟರಿನ ಡೀಸೆಲ್ಲಿಗೆ ಅದನ್ನು ತೂಗಿ ನೋಡಬೇಕಾದವರು ನೀವು.

ಸಾಫ್ಟ್‌ವೇರ್ ಬೇಕೇ ಎಂಬುದಕ್ಕೆ: ಮೊಬೈಲಿನ ಗೂಗಲ್ ಮ್ಯಾಪ್ಸ್ ನೀವು ಕೊಟ್ಟ ಅನುಕ್ರಮದಲ್ಲೇ ದಾರಿ ತೋರಿಸುತ್ತದೆ, ಅನುಕ್ರಮವನ್ನು ತಾನಾಗಿ ಬದಲಾಯಿಸುವುದಿಲ್ಲ, ಲೋಡನ್ನಂತೂ ಕೇಳುವುದೇ ಇಲ್ಲ. ಗೂಗಲ್‌ನದೇ ಓಆರ್-ಟೂಲ್ಸ್ ಮತ್ತು ವ್ರೂಮ್ ಎಂಬ ಇನ್ನೊಂದು ಸಾಧನ ಉಚಿತವಾಗಿ ಸಿಗುತ್ತವೆ. ಗಾಡಿಯ ಮಿತಿ, ಇಳಿಕೆ, ಏರಿಕೆ, ಯಾವ ಊರಿಗೆ ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನೊಳಗೆ ಮುಟ್ಟಬೇಕೆಂಬುದು, ಎಲ್ಲವನ್ನೂ ಇವು ಒಟ್ಟಿಗೆ ನೋಡುತ್ತವೆ, ಆದರೆ ಪ್ರೋಗ್ರಾಮ್ ಬರೆಯಬಲ್ಲವರೊಬ್ಬರು ಒಮ್ಮೆ ಕೂತು ಸಿದ್ಧಪಡಿಸಿಕೊಡಬೇಕು. ಎರಡು ಗಾಡಿ, ಹತ್ತು ಊರು ಇರುವವರೆಗೆ ನಿಮಗೆ ಅದು ಬೇಕಿಲ್ಲ. ಎಕ್ಸೆಲ್‌ನಲ್ಲಿ ಊರು, ಇಳಿಕೆ, ಏರಿಕೆ, ಬಿಡುವಾಗಿನ ಲೋಡು, ಮುಟ್ಟುವ ಹೊತ್ತು, ಬಿಡುವ ಹೊತ್ತು ಎಂದು ಆರು ಕಂಬಗಳ ಒಂದು ಹಾಳೆ ಮಾಡಿಸಿಕೊಳ್ಳಿ. ನಾಲ್ಕನೇ ಕಂಬದಲ್ಲಿ ಮಿತಿ ದಾಟಿದ ಕಡೆ ಕೆಂಪು ಬಣ್ಣ ಬರುವಂತೆ ಇಟ್ಟರೆ ಊರುಗಳನ್ನು ಮೇಲೆ ಕೆಳಗೆ ಮಾಡಿ ನೋಡುವುದು ಐದು ನಿಮಿಷದ ಕೆಲಸ. ಆ ಹಾಳೆಯ ಒಂದು ಪ್ರತಿಯನ್ನು ಚಾಲಕನ ಕೈಗೂ ಕೊಡಿ, ಏಕೆಂದರೆ ನಾಲ್ಕು ಬಾಕ್ಸ್ ಹೆಚ್ಚಿವೆ, ಏರಿಸಿಕೊಳ್ಳಪ್ಪ ಎಂದು ರೈತರು ಹೇಳುವಾಗ ಎದುರಿಗೆ ನಿಂತಿರುವವನು ಅವನು. ಮುಂದಿನ ಊರಿನಲ್ಲಿ ಎಷ್ಟು ಇಳಿಯುತ್ತದೆ, ಎಷ್ಟು ಏರುತ್ತದೆ ಎಂಬುದು ಕೈಯಲ್ಲಿದ್ದರೆ ಆಗುತ್ತದೆ ಎನ್ನುವುದನ್ನೋ ಆಗುವುದಿಲ್ಲ ಎನ್ನುವುದನ್ನೋ ಅಲ್ಲೇ ಹೇಳಬಲ್ಲ.